ಮುನೇಶ್ವರನ ಡಬ್ಬಿಯಲ್ಲಿ ನನ್ನ ಕರವಸ್ತ್ರ

ಆ ಗಾಂಜಾ ಪೊಟ್ಟಣವನ್ನು ಮುನೇಶ್ವರನ ಡಬ್ಬಿಯಲ್ಲಿ ಇಟ್ಟವಳು ನಾನು, ಮುನಿರಾಜು. ಅದು ನನ್ನ ಮಗ ನಿತಿನ್‌ದು. ಅದಕ್ಕಾಗಿ ಜೈಲಿಗೆ ಹೋದವನು ನೀನು. ಇದು ನಿನಗೆ ಗೊತ್ತು — ನಿನಗೆ ಗೊತ್ತೆಂಬುದು ನನಗೂ ಗೊತ್ತು. ಆದರೂ ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳಲಿಲ್ಲ.

ಕಾಕ್ಸ್ ಟೌನಿನ ಮನೆಯಿಂದ, ಕಾನ್ವೆಂಟಿನ ಓದಿನಿಂದ ಬಂದ ನನಗೆ ನಿಮ್ಮ ಮನೆದೇವರನ್ನು ಪರಿಚಯಿಸಿದವನೇ ನೀನು, ನನ್ನ ಗಂಡನ ತಮ್ಮ. ಕಲ್ಯಾಣ ನಗರದ ಪಕ್ಕದ ನಿಮ್ಮ ರಾಗಿ ಹೊಲಗಳೆಲ್ಲ ಬಾಡಿಗೆ ಮನೆಗಳಾದ ಮೇಲೂ ಹಿತ್ತಲ ಬೇವಿನ ಕೆಳಗೆ ಮುನೇಶ್ವರ ಉಳಿದಿದ್ದ. ವರ್ಷಕ್ಕೊಮ್ಮೆ ಪೂಜೆ, ಮಾಡುವವನು ನೀನು. ಅವನಿಗೆ ಹೆಂಡ, ಚುಟ್ಟಾ, ಚಿಲುಮೆಯಲ್ಲಿ ಒಂದು ಚಿಟಿಕೆ ಗಾಂಜಾ. ಕಲ್ಲಿನ ಹಿಂದಿನ ಹಳೆಯ ಬಿಸ್ಕತ್ತು ಡಬ್ಬಿಯಲ್ಲಿ ನೀನು ಅದನ್ನು ಇಡುತ್ತಿದ್ದೆ. ಚಿಲುಮೆ ಹೊತ್ತಿಸುವಾಗ ಮುಖ ಆಚೆ ತಿರುಗಿಸಿ ಕೆಮ್ಮುತ್ತಿದ್ದೆ.

"ದೇವ್ರಿಗೆ ಹೆಂಗ್ ಸೇರುತ್ತೋ ಇದು ಅತ್ಗೆ! ನಂಗೊಂದು ಟೀ ಇದ್ರೆ ಸಾಕಪ್ಪಾ."

ನಾವೆಲ್ಲ ನಗುತ್ತಿದ್ದೆವು. ಬೀಟಿನ ಪೊಲೀಸರು ಕಂಡೂ ಕಾಣದವರಂತೆ ಪ್ರಸಾದ ತಿಂದು ಹೋಗುತ್ತಿದ್ದರು. ದೇವರ ಡಬ್ಬಿಯನ್ನು ಪೂಜೆ ಮಾಡುವವನಲ್ಲದೆ ಬೇರೆ ಯಾರೂ ಮುಟ್ಟುವುದಿಲ್ಲ — ನಮ್ಮ ಮನೆಯ ಕೂಸಿಗೂ ಗೊತ್ತಿದ್ದ ಮಾತು ಅದು. ನಾನು ನಂಬಿದ್ದೂ ಅದನ್ನೇ.

ನಿತಿನ್ ಆಗ ಕಾಲೇಜಿನಲ್ಲಿದ್ದ. ತೊಳೆಯಲೆಂದು ಎತ್ತಿಕೊಂಡ ಅವನ ಶೂವಿನೊಳಗೆ ಪೊಟ್ಟಣ ಸಿಕ್ಕಿತು — ಚಿಟಿಕೆಯಲ್ಲ, ಹಿಡಿತುಂಬ. ಅದನ್ನು ಕೈಯಲ್ಲಿ ಹಿಡಿದು ನಿಂತಿರುವಾಗಲೇ ಗೇಟಿನಲ್ಲಿ ಜೀಪು. ನಮ್ಮ ಬಾಡಿಗೆ ಮನೆಯ ಹುಡುಗರು ಗಾಂಜಾ ಸೇದುತ್ತಾರೆಂದು ಯಾರೋ ದೂರು ಕೊಟ್ಟಿದ್ದರಂತೆ. ಬಚ್ಚಲಿಗೆ ಸುರಿದು ನೀರು ಹಾಕಬಹುದಿತ್ತು. ಅದು ಈಗ ಹೊಳೆಯುತ್ತದೆ. ಆಗ ಹೊಳೆದದ್ದು ಡಬ್ಬಿಯೊಂದೇ. ಅಷ್ಟು ಗಾಬರಿಯಲ್ಲೂ, ದೇವರ ಡಬ್ಬಿಗೆ ಶೂವಿನಲ್ಲಿದ್ದ ಆ ಕೊಳಕು ಪ್ಲಾಸ್ಟಿಕ್ ಹಾಕಲು ಮನಸ್ಸು ಬರಲಿಲ್ಲ ನೋಡು — ಒಗೆದು ಮಡಿಸಿಟ್ಟಿದ್ದ ನನ್ನ ಕರವಸ್ತ್ರದಲ್ಲಿ ಸುತ್ತಿಟ್ಟೆ. ಅಂಥ ಅಚ್ಚುಕಟ್ಟು ನನ್ನದು.

ಇನ್‌ಸ್ಪೆಕ್ಟರ್ ಹೊಸಬ. ನಮ್ಮ ಕಟ್ಟಳೆ ಅವನಿಗೇನು ಗೊತ್ತು? ಹಿತ್ತಲನ್ನೂ ಹುಡುಕಿ ಡಬ್ಬಿ ತೆಗೆಸಿದ.

"ಏನ್ ಗುರು, ನಿಮ್ ದೇವ್ರು ಯಾವಾಗ್ಲೂ ಫುಲ್ ಟೈಟಾ? ಒಂದ್ ಕಲ್ಲಿಗೆ ಇಷ್ಟೊಂದು ಬೇಕಾ?" ಎಂದು ನಿನ್ನನ್ನು ಕೇಳಿ ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. "ಯಾರ್ದು ಮೇಡಂ ಇದು?"

"ಆ ಡಬ್ಬಿ ನಮ್ಮ ಮೈದುನಂದು" ಎಂದೆ.

ಡಬ್ಬಿ ನಿನ್ನದೇ ಆಗಿತ್ತು. ಸುಳ್ಳಾಡಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ — ನಾನು ಒಂದಕ್ಷರವೂ ಸುಳ್ಳಾಡಲಿಲ್ಲ.

ನೀನು ಕರವಸ್ತ್ರದ ಅಂಚು ನೋಡಿದೆ. ನೀಲಿ ದಾರದ ಪುಟ್ಟ ಹೂಗಳು. ಆ ಕಸೂತಿ ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಬರುತ್ತಿತ್ತು. ಆಮೇಲೆ ನೀನು ಮಹಡಿಯ ಕಿಟಕಿ ನೋಡಿದೆ — ನಿತಿನ್ ಕೋಣೆಯ ಪರದೆ ಅಲುಗಿತು. ಆಮೇಲೆ ತಲೆ ತಗ್ಗಿಸಿದೆ.

"ಹೂಂ ಸಾರ್. ನಂದೇ."

ಜಾಮೀನು ಬೇಗ ಸಿಗಲಿಲ್ಲ. ನೀನು ಹೊರಬಂದಾಗ, ಜೈಲು ಕಂಡ ಕೈ ದೇವರ ದೀಪ ಮುಟ್ಟಬಾರದೆಂದು ಹಿರಿಯರು ನಮ್ಮ ಹಜಾರದಲ್ಲೇ ಕೂತು ತೀರ್ಮಾನಿಸಿದರು. ಅವರಿಗೆ ಕಾಫಿ ಕೊಟ್ಟವಳು ನಾನು. ನಿನ್ನ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ — ಪ್ರಾಯಶ್ಚಿತ್ತ ಎಂದುಕೊಂಡೆನೋ ಏನೋ. ನೀನು ಕುಡಿಯದೆ ಎದ್ದುಹೋದೆ.

ಈಗ ಕೆ.ಆರ್. ಪುರದ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಸೆಕ್ಯೂರಿಟಿ ಯೂನಿಫಾರ್ಮ್ ತೊಟ್ಟು ನಿಲ್ಲುತ್ತೀಯ. ಒಮ್ಮೆ ಅಲ್ಲಿಗೆ ಬಂದಿದ್ದೆ, ಹೇಳಬೇಕೆಂದೇ. ನಿನ್ನ ಬೆರಳ ನಡುವೆ ಬೀಡಿ. ನಾನು ಅದನ್ನೇ ನೋಡುತ್ತಿದ್ದುದು ಕಂಡು ನೀನು ನಕ್ಕೆ. "ಒಳಗೆ ಕಲ್ತಿದ್ದು ಅತ್ಗೆ. ಅಲ್ಲಿ ಎಲ್ಲಾ ಸಿಗುತ್ತೆ." ನಾನು ತಂದಿದ್ದ ಒಬ್ಬಟ್ಟು ಕೊಟ್ಟು ಬಸ್ಸು ಹತ್ತಿದೆ.

ಕಳೆದ ವಾರ ನಿತಿನ್ ಗೆಳೆಯರನ್ನು ಊಟಕ್ಕೆ ಕರೆದಿದ್ದ. ಇಂದಿರಾನಗರದಲ್ಲಿ ಸ್ವಂತ ಆಫೀಸು ಈಗ ಅವನದು. ಗಾಂಜಾ ಲೀಗಲ್ ಆಗಬೇಕೋ ಬೇಡವೋ — ಅದೇ ಚರ್ಚೆ. "ಲೀಗಲ್ ಮಾಡಿದ್ರೆ ಕ್ರೈಮ್ ತಾನಾಗೇ ಕಡಿಮೆ ಆಗುತ್ತೆ ಮಗಾ. ಈಗ ಮಾರೋನು ಸಿಗಲ್ಲ, ಪಾಪದೋನು ಒಳಗೆ ಹೋಗ್ತಾನೆ. ನಮ್ ಚಿಕ್ಕಪ್ಪನ್ನೇ ತಗೋ, ದೇವ್ರಿಗೆ ಇಟ್ಟಿದ್ದಕ್ಕೆ ಲೈಫೇ ಹೋಯ್ತು!"

ನಿನ್ನನ್ನು ಉದಾಹರಣೆಗೆ ಕೊಟ್ಟ, ಮುನಿರಾಜು. ದೇವ್ರಿಗೆ ಇಟ್ಟಿದ್ದು — ಹಾಗೆಂದವನು ನನ್ನ ಮುಖ ನೋಡಲಿಲ್ಲ, ಹಪ್ಪಳ ಮುರಿದ. ಪೊಟ್ಟಣ ಎಲ್ಲಿ ಹೋಯಿತೆಂದು ಅವನು ಎಂದೂ ಕೇಳಿಲ್ಲ. ನಾನೂ ಹೇಳಿಲ್ಲ.

"ಆಂಟಿ, ನೀವೇನಂತೀರಾ?" ಎಂದು ಒಬ್ಬಳು ಕೇಳಿದಳು.

"ಇನ್ನೊಂದ್ ಸ್ವಲ್ಪ ಅನ್ನ ಹಾಕ್ಲಾ ಅಮ್ಮಾ?" ಎಂದೆ.

ಅವನ ವಾದದಲ್ಲಿ ತಪ್ಪಿದೆ ಎನ್ನಲಾರೆ. ಅಂದು ಕಾನೂನು ಬೇರೆಯಿದ್ದಿದ್ದರೆ ಜೀಪು ಬರುತ್ತಿರಲಿಲ್ಲ. ನಿನ್ನ ಕೈ ಇಂದಿಗೂ ದೀಪ ಹಚ್ಚುತ್ತಿತ್ತು. ಆ ಉತ್ತರ ನನಗೆ ಬಹಳ ಹಿತವಾಗಿದೆ — ಅದಕ್ಕೇ ಅದರ ಮೇಲೆ ನಂಬಿಕೆಯಿಲ್ಲ. ಹೆಂಡಕ್ಕೆ ಅಂಗಡಿಯಿದೆ, ಲೈಸೆನ್ಸಿದೆ. ಅಂದು ಸಿಕ್ಕಿದ್ದು ಹೆಂಡದ ಬಾಟಲಿಯಾಗಿ, ಕೇಳಿದವರು ಪೊಲೀಸರಲ್ಲ, ಬರೀ ನೆಂಟರಾಗಿದ್ದರೂ — ಮಗನ ಹೆಸರು ಉಳಿಯುವುದಾದರೆ ನಾನು ನಿನ್ನ ಕಡೆಗೇ ಕೈ ತೋರಿಸುತ್ತಿದ್ದೆ. ನಿನಗೆ ಜೈಲು ತಪ್ಪುತ್ತಿತ್ತು. ನಾನು ಮಾತ್ರ ಇವಳೇ ಆಗಿರುತ್ತಿದ್ದೆ.

ಬರುವ ಭಾನುವಾರ ಪೂಜೆ. ಸಂಬಳದ ಪೂಜಾರಿ ಮುನೇಶ್ವರನ ಮುಂದೆ ಊದುಬತ್ತಿ ಹಚ್ಚುತ್ತಾನೆ. ಹಿರಿಯರೆಲ್ಲ ಇರುತ್ತಾರೆ, ನಿತಿನ್ ಇರುತ್ತಾನೆ. ಮಂಗಳಾರತಿಗೆ ಮೊದಲು ನಾನು ಹೇಳುತ್ತೇನೆ — ಪೊಟ್ಟಣ ಯಾರದು, ಇಟ್ಟವರು ಯಾರು, ಎರಡೂ. ಅವನ ಹೆಸರು ಹೇಳದೆ ನಿನ್ನ ಹೆಸರು ತೊಳೆಯಲಾಗದು. ಇಷ್ಟು ಕಾಲ ನನ್ನ ಬಾಯಿ ಕಟ್ಟಿದ್ದು ಅದೇ.

ಕ್ಷಮಿಸು ಎಂದು ಕೇಳಲು ಕರೆಯುತ್ತಿಲ್ಲ. ಬಾ, ಅಷ್ಟೇ. ಬಂದು ಮುಂದೆ ನಿಲ್ಲು. ನಾನು ಹೇಳುವಾಗ ಅಂದಿನಂತೆ ತಲೆ ಮಾತ್ರ ತಗ್ಗಿಸಬೇಡ.