ನೀಲಿ ಹೊಗೆ ಓದಲು ಕಲಿತ ಬಂಡೆಪ್ಪ

ಮಾರ್ಗಶಿರದ ಚಳಿ. ಹುಮನಾಬಾದಿನ ಸುತ್ತ ತೊಗರಿ ಕೊಯ್ಲು ಶುರುವಾಗಿದೆ. ಇನ್ನೂ ಕತ್ತಲಿರುವಾಗಲೇ ಕೊಯ್ಯುವ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟಂಟಂಗಳು ಹೆದ್ದಾರಿ ದಾಟಿ ಹೊಲದ ದಾರಿ ಹಿಡಿಯುತ್ತಿವೆ. ಹೆದ್ದಾರಿಯ ಬದಿಗೆ ಹನ್ನೆರಡಡಿ ಅಗಲ, ಇಪ್ಪತ್ತಡಿ ಉದ್ದದ ಒಂದು ತಗಡಿನ ಶೆಡ್ಡು. ಅಲ್ಲಿ ಬಂಡೆಪ್ಪ ಐದು ಗಂಟೆಗೇ ಎದ್ದು ಎಂಜಿನ್ನಿಗೆ ಗಾಳಿ ಒತ್ತುವ ಎರಡು ಟರ್ಬೊ ಬಿಚ್ಚಿ, ಬಿಡಿಭಾಗಗಳನ್ನು ಡೀಸೆಲ್ ತುಂಬಿದ ತಟ್ಟೆಯಲ್ಲಿ ನೆನೆಹಾಕಿದ್ದಾರೆ. ಅವು ಲಾರಿಗಳವು, ಸಂಜೆಯವರೆಗೆ ಕಾಯಬಹುದು. ಕಾಯಲಾಗದ್ದು ಹೊರಗೆ ನಿಂತಿದೆ: ಏಳು ಸೀಟಿನ, ಬೂದು ಬಣ್ಣದ ಹಳೆಯ ಡೀಸೆಲ್ ಕಾರು. ಅದರ ನೋಂದಣಿಯ ಹದಿನೈದು ವರ್ಷ ಮುಗಿಯಲು ಒಂಬತ್ತು ದಿನ ಉಳಿದಿದೆ. ಇವತ್ತು ಬಸವಕಲ್ಯಾಣದ ಆರ್‌ಟಿಒ ಕಚೇರಿಯಲ್ಲಿ ಪಾಸಾದರೆ ಮತ್ತೆ ಐದು ವರ್ಷ ರಸ್ತೆಯ ಮೇಲಿರುತ್ತದೆ. ಇಲ್ಲದಿದ್ದರೆ ಗುಜರಿಗೆ.

ಬಂಡೆಪ್ಪ ಕೀಲಿಯನ್ನು ಅರ್ಧ ತಿರುಗಿಸಿ ಹೀಟರಿನ ದೀಪ ಆರುವವರೆಗೆ ಕಾಯುತ್ತಾರೆ. ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಳ್ಳುತ್ತದೆ. ಅವರು ಇಳಿದು ಹಿಂದಕ್ಕೆ ಬಂದು ಹೊಗೆಯ ಕೊಳವೆಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಮೊದಲು ದಪ್ಪ ಬಿಳಿ ಹೊಗೆ. ಸ್ವಲ್ಪ ಹೊತ್ತಿಗೆ ಅದು ತೆಳುವಾಗುತ್ತದೆ. ಆಮೇಲೆ ಕೊಳವೆಯ ಬಾಯಲ್ಲಿ ಬಿಸಿಗಾಳಿ ಬಿಟ್ಟರೆ ಏನೂ ಕಾಣುವುದಿಲ್ಲ.

"ಬಿಳಿ ಹೊಗಿ ಚಳೀದು, ತಾನ ಹೋಗ್ತದ. ಕರಿ ಹೊಗಿ ಅಂದ್ರ ಎಂಜಿನ್ನಿಗೆ ಗಾಳಿ ಸಾಲವಲ್ದು. ನೀಲಿ ಬಂತಂದ್ರ ಆಯಿಲ್ ಸುಡಾಕತ್ತದ ಅಂತ ತಿಳೀರಿ" ಎನ್ನುತ್ತಾರೆ, ಕೊಳವೆಯಿಂದ ಕಣ್ಣು ತೆಗೆಯದೆ. "ಆದ್ರ ಆ ಆಯಿಲ್ ಎಲ್ಲಿಂದ ಬಂತು ಅನ್ನೋದು ಹೊಗಿ ಹೇಳಂಗಿಲ್ಲ. ಅದನ್ನ ನಾವ ಹುಡುಕಬೇಕು. ನಾ ಹುಡುಕಲಿಲ್ರಿ."

ಬಂಡೆಪ್ಪನವರಿಗೆ ಐವತ್ನಾಲ್ಕು. ಹುಟ್ಟಿದ್ದು ನಿರ್ಣಾದ ಕುರಿ ಕಾಯುವ ಮನೆಯಲ್ಲಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಎರಡು ವರ್ಷ ಅಪ್ಪನ ಜೊತೆ ಕುರಿಯ ಹಿಂದೆ ತಿರುಗಿದರು. ಆಮೇಲೆ ಬಸವಕಲ್ಯಾಣದ ಲಾರಿ ಗ್ಯಾರೇಜುಗಳಲ್ಲಿ ಮೂವತ್ತು ವರ್ಷ ಕೆಲಸ. ಈಗ ಹುಮನಾಬಾದ್, ಚಿಟಗುಪ್ಪ, ಬಸವಕಲ್ಯಾಣ ಮೂರೂ ತಾಲ್ಲೂಕುಗಳಿಂದ ಕೆಟ್ಟ ಟರ್ಬೊಗಳು ಗೋಣಿಚೀಲದಲ್ಲಿ ಸುತ್ತಿಕೊಂಡು ಇವರ ಶೆಡ್ಡಿಗೆ ಬರುತ್ತವೆ. ತಿಂಗಳಿಗೆ ಹನ್ನೆರಡರಿಂದ ಹದಿನೈದು. ಒಂದೊಂದನ್ನು ಮೂರು ಸಲ ತೊಳೆಯಬೇಕು, ಒಂದೊಂದಕ್ಕೆ ಒಂದೂವರೆ ದಿನ ಬೇಕು. ಗಾಡಿ ಸರಿಯಾದರೆ ಜನ ಹೊಗಳುವುದು ಅದನ್ನು ಜೋಡಿಸಿದ ಮೆಕ್ಯಾನಿಕ್‌ನನ್ನು. ಟರ್ಬೊ ಯಾರ ಕೈಯಲ್ಲಿ ಉಸಿರು ಪಡೆಯಿತೆಂದು ಯಾರೂ ಕೇಳುವುದಿಲ್ಲ. ಶೆಡ್ಡಿಗೆ ಫಲಕವೂ ಇಲ್ಲ.

ನೋಡಲು ಟರ್ಬೊ ಬಸವನಹುಳುವಿನ ಚಿಪ್ಪಿನಂತಿದೆ. ಒಳಗೆ ಒಂದೇ ಕಡ್ಡಿಯ ಎರಡು ತುದಿಗೆ ಎರಡು ಪುಟ್ಟ ಫ್ಯಾನು. ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆ ಒಂದನ್ನು ತಿರುಗಿಸಿದರೆ, ಇನ್ನೊಂದು ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ತುರುಕುತ್ತದೆ. ಜೋರು ಓಟದಲ್ಲಿ ಈ ಕಡ್ಡಿ ನಿಮಿಷಕ್ಕೆ ಲಕ್ಷ ಸುತ್ತಿಗೂ ಹೆಚ್ಚು ತಿರುಗುತ್ತದೆ. ಅದನ್ನು ಕಾಯುವುದು ಒಂದು ತೆಳ್ಳನೆಯ ಆಯಿಲ್ ಪದರ ಮಾತ್ರ. ದೂರದಿಂದ ಓಡಿಸಿಕೊಂಡು ಬಂದವರು ಧಾಬಾದ ಮುಂದೆ ನಿಲ್ಲಿಸಿ ತಟ್ಟನೆ ಕೀಲಿ ತೆಗೆದರೆ ಆಯಿಲ್ ನಿಲ್ಲುತ್ತದೆ, ಕಡ್ಡಿ ಮಾತ್ರ ತಿರುಗುತ್ತಲೇ ಇರುತ್ತದೆ. ಹೀಗೆ ದಿನಾ ಆದರೆ ಒಳಗೆ ಆಯಿಲ್ ಸುಟ್ಟು ಇದ್ದಿಲಾಗಿ, ಸಣ್ಣ ಕೊಳವೆ ಕಟ್ಟಿ, ಸೀಲು ಸವೆಯುತ್ತದೆ. ಇದಕ್ಕೇ ಬಂಡೆಪ್ಪ ಗಿರಾಕಿಗಳಿಗೆಲ್ಲ ಒಂದು ಪಾಠ ಹೇಳುತ್ತಾರೆ: ಗಾಡಿ ನಿಂತ ಮೇಲೆ ಒಂದು ನಿಮಿಷ ಎಂಜಿನ್ ನಡೆಯಲಿ, ಆಮೇಲೆ ಕೀಲಿ. ಕುರಿ ಓಡಿಬಂದ ಕೂಡಲೇ ನೀರಿಗೆ ಬಿಡುತ್ತೀರೇನು ಎಂದು ಕೇಳುತ್ತಾರೆ.

ಬೂದು ಕಾರಿನ ಕತೆ ಶುರುವಾದದ್ದು ಹನ್ನೊಂದು ವರ್ಷ ಹಿಂದೆ. ಬೇಮಳಖೇಡದ ಮಹಾರುದ್ರಪ್ಪ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಸೊಸೆ ಉಮಾದೇವಿಯ ಹೆಸರಿಗೆ ಮಾಡಿಸಿದ್ದರು. ಉಮಾದೇವಿ ಮನೆಯಲ್ಲಿ ಖೋವಾ ಕಾಯಿಸಿ ಮಾಣಿಕನಗರದ ಪೇಡೆ ಅಂಗಡಿಗಳಿಗೆ ಕೊಡುತ್ತಾರೆ. ಮೂರು ವರ್ಷ ಆ ಕಾರನ್ನು ತಾವೇ ಓಡಿಸಿಕೊಂಡು ಹೋಗಿ ಮುಟ್ಟಿಸಿದರು. ಎಂಟು ವರ್ಷದ ಹಿಂದೆ ಒಂದು ದಿನ ಗಾಡಿ ಏರಿನಲ್ಲಿ ಸೋತು, ಹಿಂದೆ ನೀಲಿ ಹೊಗೆ ಸುರಿಸತೊಡಗಿತು. ಮಹಾರುದ್ರಪ್ಪ ಅದನ್ನು ತಂದದ್ದು, ಆಗಷ್ಟೇ ಸ್ವಂತ ಶೆಡ್ಡು ಹಾಕಿದ್ದ ಬಂಡೆಪ್ಪನವರ ಹತ್ತಿರ. ಟರ್ಬೊ ಇಲ್ಲದ ಹಳೇ ಲಾರಿಗಳಲ್ಲಿ ಪಳಗಿದ ಕೈ ಅವರದು. ಆ ಲಾರಿಗಳಲ್ಲಿ ನೀಲಿ ಹೊಗೆ ಬಂದರೆ ಹೆಚ್ಚಾಗಿ ಪಿಸ್ಟನ್ ಸವೆದಿರುತ್ತಿತ್ತು. ಇಲ್ಲಿಯೂ ಅದೇ ಎಂದುಕೊಂಡರು. ಬಾನೆಟ್ ಎತ್ತಿದರೇ ಹೊರತು ಒಂದು ಪೈಪೂ ಬಿಚ್ಚಲಿಲ್ಲ. ಎಂಜಿನ್ ಸತ್ತಿದೆ, ಇದಕ್ಕೆ ಹಾಕುವ ದುಡ್ಡಿಗೆ ಎರಡು ಎಮ್ಮೆ ಬರುತ್ತವೆ ಎಂದು ಹೇಳಿ ಕಳಿಸಿದರು.

ಮಹಾರುದ್ರಪ್ಪ ಆ ಮಾತನ್ನು ನಂಬಿ ಎಮ್ಮೆಗಳನ್ನೇ ಕೊಂಡರು. ಕಾರು ಕೊಟ್ಟಿಗೆಯ ಪಕ್ಕ ನಿಂತಿತು. ಉಮಾದೇವಿ ಖೋವಾದ ಡಬ್ಬಿ ಹೊತ್ತು ಬೆಳಗಿನ ಬಸ್ಸು ಹಿಡಿದರು.

ಎರಡು ವರ್ಷದ ಮೇಲೆ ಬಂಡೆಪ್ಪ ಟರ್ಬೊ ಕೆಲಸ ಕಲಿಯಲು ಸೊಲ್ಲಾಪುರಕ್ಕೆ ಹೋದರು. ನಲವತ್ತೆಂಟನೇ ವಯಸ್ಸಿನಲ್ಲಿ, ಮಕ್ಕಳ ವಾರಿಗೆಯವರ ನಡುವೆ ಕೂತು ಏಳು ತಿಂಗಳು. ಅಲ್ಲಿಗೆ ಒಂದು ದಿನ ಅಂಥದೇ ಕಾರು, ಅದೇ ನೀಲಿ ಹೊಗೆ ಬಿಡುತ್ತ ಬಂತು. ಉಸ್ತಾದ ಅರ್ಧ ಗಂಟೆಯಲ್ಲಿ ಟರ್ಬೊ ಇಳಿಸಿ, ಗಾಳಿ ಹೋಗುವ ಪೈಪಿನೊಳಗೆ ಬೆರಳಾಡಿಸಿ ತೋರಿಸಿದ. ಬೆರಳ ತುಂಬ ಆಯಿಲ್. ಟರ್ಬೊದ ಸೀಲು ಹೋಗಿ ಆಯಿಲ್ ಅಲ್ಲಿಂದ ಎಂಜಿನ್ನಿಗೆ ಸೇರುತ್ತಿತ್ತು; ಎಂಜಿನ್ ತಾನು ಗಟ್ಟಿಯಾಗಿಯೇ ಇತ್ತು.

"ಅವತ್ತ ಊಟಕ್ಕ ಹೋಗ್ಲಿಲ್ರಿ" ಎನ್ನುತ್ತಾರೆ ಬಂಡೆಪ್ಪ. "ಬೇಮಳಖೇಡದ ಗಾಡಿ ಕಣ್ಣ ಮುಂದ ಬಂತು. ಜೀವಂತ ಇದ್ದದ್ದಕ್ಕ ನಾ ಸತ್ತದ ಅಂತ ಹೇಳಿ ಕಳಿಸೀನಿ."

ಊರಿಗೆ ಮರಳಿದ ಮೇಲೆ ಒಮ್ಮೆ ಬೇಮಳಖೇಡದವರೆಗೂ ಹೋಗಿದ್ದರು. ಕಾರು ದೂರದಿಂದಲೇ ಕಂಡಿತು. ಮೇಲೆ ಜೋಳದ ಕಣಿಕೆಯ ಸೂಡು, ಒಡೆದ ಕಿಟಕಿಯಲ್ಲಿ ಕೋಳಿ. ಮನೆಯ ಬಾಗಿಲಿಗೆ ಹೋಗುವ ಧೈರ್ಯ ಬರಲಿಲ್ಲ. ಬಸ್ ನಿಲ್ದಾಣದಲ್ಲಿ ಚಹಾ ಕುಡಿದು ಹೊರಟು ಬಂದರು. ಹಾಗೆ ಐದು ವರ್ಷಕ್ಕೂ ಹೆಚ್ಚು ಕಳೆಯಿತು.

ಕಳೆದ ದೀಪಾವಳಿಯ ಮಾರನೇ ವಾರ ಉಮಾದೇವಿಯೇ ಶೆಡ್ಡಿಗೆ ಬಂದರು. ಕಾರಿನ ಕಾಗದದ ಗಡುವು ಮುಗಿಯುತ್ತಿದೆ, ಗುಜರಿಯವನು ಬಂದು ನೋಡಿ ಹೋಗಿದ್ದಾನೆ, ಕೊಡುವ ಮೊದಲು ಮಾರಲು ಬರುವಂಥ ಸಾಮಾನು ಏನಾದರೂ ಇದೆಯೇ ಎಂದು ಕೇಳಿದರು. ಬಂಡೆಪ್ಪ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಮಾರಬೇಡ ತಂಗಿ, ನಾನು ಬಂದು ನೋಡುತ್ತೇನೆ ಎಂದಷ್ಟೇ ಹೇಳಿದರು.

ಮರುದಿನ ಬೇಮಳಖೇಡದ ಕಟ್ಟೆಯ ಮೇಲೆ ಕೂತಿದ್ದ ಮಹಾರುದ್ರಪ್ಪನವರ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು. ಮುದುಕ ಪೂರ್ತಿ ಕೇಳಿದರು. ಬೈಯಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ ಒಂದೇ ಮಾತು ಹೇಳಿದರು:

"ನನ್ನ ಮುಂದ ಯಾಕ ಹೇಳ್ತಿ ಬಂಡೆಪ್ಪ? ಎಂಟು ವರ್ಷ ಬಸ್ಸಿನ್ಯಾಗ ನಿಂತು ಹೋದಾಕಿ ನನ್ನ ಸೊಸಿ. ಆಕಿ ಮುಂದ ಹೇಳು."

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವ ಮೊದಲು ಮಣ್ಣಿಗಂಟಿದ ನಾಲ್ಕು ಗಾಲಿಗಳನ್ನು ಹಾರೆಯಿಂದ ಬಿಡಿಸಬೇಕಾಯಿತು. ಹಿಂದಿನ ಸೀಟಿನಲ್ಲಿ ಏಳು ಮೊಟ್ಟೆ ಸಿಕ್ಕವು. ಟ್ಯಾಂಕಿನ ತಳದಲ್ಲಿ ಡೀಸೆಲ್ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಇಲಿ ಕಡಿದ ವಾಯರು ನೋಡಲು ಬಂದ ಹಳೇ ಗೆಳೆಯ ಫೈಜಲ ಬಾನೆಟ್ಟಿನೊಳಗೆ ಬಗ್ಗಿ, "ಬಂಡೆಪ್ಪ, ಇದನ್ನ ಇಲಿಗಳಿಗೇ ಬಿಟ್ಟುಬಿಡು, ಇಷ್ಟು ವರ್ಷದಾಗ ರೇಶನ್ ಕಾರ್ಡೂ ಮಾಡಿಸಿರ್ತಾವ" ಎಂದ. ಅಂದವನೇ ನಾಲ್ಕು ದಿನ ಕೂತು ಒಂದೊಂದೇ ವಾಯರು ಹೊಸದಾಗಿ ಎಳೆದ.

ಬಂಡೆಪ್ಪ ಮಾತ್ರ ಕೀಲಿ ಮುಟ್ಟಲಿಲ್ಲ. ಅಷ್ಟು ವರ್ಷ ಒಣಗಿ ನಿಂತ ಎಂಜಿನ್ನನ್ನು ಒಮ್ಮೆಲೇ ತಿರುಗಿಸಿದರೆ ಒಳಗೆ ಗೀರು ಬೀಳುತ್ತದೆ. ನಾಲ್ಕೂ ಸಿಲಿಂಡರಿಗೆ ಆಯಿಲ್ ಹನಿಸಿ, ಪಾನಾ ಹಾಕಿ ದಿನಕ್ಕೆ ಕಾಲು ಸುತ್ತು, ಅರ್ಧ ಸುತ್ತು ಎಂದು ಕೈಯಲ್ಲೇ ತಿರುಗಿಸಿದರು. ಐದನೇ ದಿನ ಅದು ಸಲೀಸಾಗಿ ತಿರುಗಿತು. ಒತ್ತಡ ಅಳೆಯುವ ಮೀಟರು ಹಚ್ಚಿದಾಗ ಮುಳ್ಳು ನಾಲ್ಕು ಸಲವೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತಿತು. ಪಿಸ್ಟನ್ನುಗಳಿಗೆ ಏನೂ ಆಗಿರಲಿಲ್ಲ.

ಟರ್ಬೊ ಮೂರು ದಿನ ಡೀಸೆಲ್ಲಿನಲ್ಲಿ ನೆನೆದ ಮೇಲೆ ಬಿಚ್ಚಿತು. ಫ್ಯಾನಿನ ರೆಕ್ಕೆಗಳು ಮುರಿದಿರಲಿಲ್ಲ; ಅದೊಂದು ಪುಣ್ಯ. ಕಡ್ಡಿಯನ್ನು ಸೊಲ್ಲಾಪುರಕ್ಕೆ ಒಯ್ದು ತೂಕ ಸರಿ ಮಾಡಿಸಿ ತಂದರು. ಸೀಲು, ಬೇರಿಂಗು, ಆಯಿಲ್ ಹೋಗುವ ಸಣ್ಣ ಕೊಳವೆ ಹೊಸವು. ಬ್ರೇಕು, ಟೈರು, ಬ್ಯಾಟರಿ, ದೀಪ ಎಲ್ಲ ಸೇರಿ ನಲವತ್ತೊಂದು ದಿನ ಹಿಡಿಯಿತು. ಆ ನಲವತ್ತೊಂದು ದಿನಗಳಲ್ಲಿ ಉಮಾದೇವಿ ಹತ್ತು ಸಲವಾದರೂ ಬಂದು ನೋಡಿ ಹೋದರು. ಬಂಡೆಪ್ಪ ಹತ್ತು ಸಲವೂ ಟೈರಿನ ಮಾತು, ಬ್ಯಾಟರಿಯ ಮಾತು ಆಡಿ ಕಳಿಸಿದರು.

ಇವತ್ತು ಮೊದಲ ಬಸ್ಸಿಗೆ ಬಂದ ಉಮಾದೇವಿ ಖೋವಾವನ್ನು ಅಂಗಡಿಗೆ ಮುಟ್ಟಿಸಿ, ಕಾಗದಗಳ ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಬಸವಕಲ್ಯಾಣಕ್ಕೆ ಮೂವತ್ತು ಕಿಲೋಮೀಟರಿನ ದಾರಿ. ರಾಜೇಶ್ವರ ದಾಟಿದ ಮೇಲೆ ಬಂಡೆಪ್ಪ ಒಮ್ಮೆ ಕಾಲು ಒತ್ತುತ್ತಾರೆ. ಸಣ್ಣ ಸೀಟಿಯಂಥ ಸದ್ದು ಏಳುತ್ತದೆ, ಕಾರು ಮುಂದಿನ ಕಬ್ಬಿನ ಟ್ರ್ಯಾಕ್ಟರನ್ನು ಹಗುರಾಗಿ ದಾಟುತ್ತದೆ. ಉಮಾದೇವಿ ಹಿಂದಿರುಗಿ ನೋಡುತ್ತಾರೆ. ಹೊಗೆ ಇಲ್ಲ.

ಸಸ್ತಾಪುರ ಬಂಗ್ಲಾದ ಹತ್ತಿರ ಚಹಾಕ್ಕೆ ನಿಲ್ಲಿಸುತ್ತಾರೆ. ಕೀಲಿ ತೆಗೆಯುವ ಹಾಗಿಲ್ಲ, ಒಂದು ನಿಮಿಷ ಎಂಜಿನ್ ನಡೆಯಬೇಕು. ಕೈಗೆ ಕೆಲಸವಿಲ್ಲದ, ಇಳಿದುಹೋಗಲೂ ಬಾರದ ಆ ನಿಮಿಷದಲ್ಲಿ ಬಂಡೆಪ್ಪ ಸ್ಟೇರಿಂಗ್ ನೋಡುತ್ತಲೇ ಬಾಯಿಬಿಡುತ್ತಾರೆ.

"ತಂಗಿ, ಈ ಎಂಜಿನ್ ಅವತ್ತೂ ಹೀಂಗ ಇತ್ತು. ಗಲತಿ ನಂದು. ನಾ ಬಿಚ್ಚಿ ನೋಡ್ಲಾರದ ಹೇಳಿದ್ದೆ."

ಉಮಾದೇವಿ ಎಂಜಿನ್ ನಿಂತ ಮೇಲೆ ಇಳಿದು ಚಹಾ ಕುಡಿಯುತ್ತಾರೆ, ಎರಡೂ ಚಹಾಕ್ಕೆ ತಾವೇ ಚಿಲ್ಲರೆ ಕೊಟ್ಟು ಬಂದು ಕೂರುತ್ತಾರೆ.

ಕಚೇರಿಯ ಅಂಗಳದಲ್ಲಿ ಇನ್‌ಸ್ಪೆಕ್ಟರು ಚಾಸಿ ನಂಬರಿನ ಅಚ್ಚು ತೆಗೆಸುತ್ತಾರೆ, ದೀಪ ಹಚ್ಚಿಸಿ ನೋಡುತ್ತಾರೆ, ಅಂಗಳದ ಉದ್ದಕ್ಕೂ ಓಡಿಸಿ ಬ್ರೇಕು ಹಾಕಿಸುತ್ತಾರೆ. ಹೊಗೆಯ ಸರ್ಟಿಫಿಕೇಟು ಓದಿ, ಕಾರನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿ, ಇಷ್ಟು ವರ್ಷ ಎಲ್ಲಿಟ್ಟಿದ್ದಿರಿ ಇದನ್ನು ಎಂದು ಕೇಳುತ್ತಾರೆ. ಬಂಡೆಪ್ಪ ತಲೆ ತಗ್ಗಿಸುತ್ತಾರೆ. ಮನೆಯಲ್ಲೇ ಇತ್ತು ಎಂದು ಉಮಾದೇವಿ ಹೇಳುತ್ತಾರೆ. ಸಹಿ ಬೀಳುತ್ತದೆ. ಗಾಡಿ ಪಾಸು.

ಬಂಡೆಪ್ಪ ಅಂಗಳದ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಟೊಪ್ಪಿಗೆ ತೆಗೆದು ಮುಖ ಒರೆಸಿಕೊಳ್ಳುತ್ತಾರೆ. ನಲವತ್ತೊಂದು ದಿನದಲ್ಲಿ ಅವರ ಹೆಗಲು ಹೀಗೆ ಇಳಿದದ್ದು ಇದೇ ಮೊದಲು. ಕಿಸೆಯಿಂದ ಲೆಕ್ಕದ ಚೀಟಿ ತೆಗೆದು ಕೊಡುತ್ತಾರೆ. ಉಮಾದೇವಿ ಓದಿ, ತಿರುಗಿಸಿ ಹಿಂದೆಯೂ ನೋಡುತ್ತಾರೆ. ಸಾಮಾನಿನ ದುಡ್ಡಿದೆ, ಕೂಲಿ ಇಲ್ಲ. ಅದು ಬೇಡ ಎಂದು ಬಂಡೆಪ್ಪ ಕೈಯಾಡಿಸುತ್ತಾರೆ.

"ಕೂಲಿ ಬರೀರಿ ಅಣ್ಣಾ" ಎನ್ನುತ್ತಾರೆ ಉಮಾದೇವಿ. ದನಿಯಲ್ಲಿ ಸಿಟ್ಟಿಲ್ಲ. "ನೀವು ಕೂಲಿ ಬಿಟ್ರ ಆ ಎಂಟು ವರ್ಷ ಚುಕ್ತಾ ಆತು ಅಂದಂಗ ಆಗ್ತದ. ಅದು ಇಷ್ಟು ಸೋವಿ ಅಲ್ರಿ."

ಬಂಡೆಪ್ಪ ಪೆನ್ನು ಇಸಿದುಕೊಂಡು ಕೂಲಿ ಬರೆಯುತ್ತಾರೆ. ಉಮಾದೇವಿ ಚೀಲದಲ್ಲಿದ್ದ ದುಡ್ಡಿನ ಗಂಟು ಬಿಚ್ಚಿ ಪೂರ್ತಿ ಎಣಿಸಿ ಕೊಡುತ್ತಾರೆ. ಆಮೇಲೆ ಕೀಲಿ ಕೇಳಿ ಇಸಿದುಕೊಂಡು, ತಾವೇ ಸ್ಟೇರಿಂಗಿನ ಮುಂದೆ ಕೂತು, ಪಕ್ಕದ ಸೀಟಿನ ಬಾಗಿಲು ತೆರೆದು, ಬರ್ರಿ, ಮತ್ತ ಬಸ್ಸಿನ್ಯಾಗ ಹೋಗ್ತೀರೇನು ಎಂದು ಕರೆಯುತ್ತಾರೆ. ಅವರ ತುಟಿಯಲ್ಲಿ ನಗುವಿದೆ. ಬಂಡೆಪ್ಪನವರಿಗೂ ನಗು ಬರುತ್ತದೆ.

ಮಧ್ಯಾಹ್ನ ಶೆಡ್ಡಿನಲ್ಲಿ ಲಾರಿಯ ಟರ್ಬೊಗಳನ್ನು ಡೀಸೆಲ್ಲಿನಿಂದ ಎತ್ತಿ ಒರೆಸುತ್ತ ಬಂಡೆಪ್ಪ ಹೇಳುತ್ತಾರೆ:

"ಆ ತಂಗಿ ಬರೋಬ್ಬರಿ ಮಾತಾಡಿದಳು. ಕೂಲಿ ಬಂತು, ಆ ಬಾಕಿ ಹಂಗ ಉಳೀತು. ಉಳೀಲಿ ಬಿಡ್ರಿ. ಈಗ ಯಾವ ಗಾಡಿ ಬಂದ್ರೂ ಮೊದಲ ಪೈಪ್ ಬಿಚ್ತೀನಿ, ಆಮ್ಯಾಲೆ ಬಾಯಿ ಬಿಡ್ತೀನಿ."