ಸಾಹುಕಾರರ ಒಕ್ಕಲು

ಮೊನ್ನೆ ಕಾಪುವಿಗೆ, ಅಣ್ಣನ ಮನೆಗೆ ಹೊರಟಿದ್ದೆ. ಹೆದ್ದಾರಿಯಲ್ಲಿ ನನ್ನ ಮುಂದೆ ಮೀನಿನ ಲಾರಿ. ಹಿಂಬಾಗಿಲಿನ ಸಂದಿಯಿಂದ ಐಸ್ ಕರಗಿದ ನೀರು ರಸ್ತೆಯುದ್ದಕ್ಕೂ ಸುರಿಯುತ್ತಿತ್ತು. ಆ ವಾಸನೆಗೆ ನೀವಾದರೆ ಮೂಗು ಮುಚ್ಚಿಕೊಳ್ಳುತ್ತೀರಿ. ಬೈಕಿನವರು ಶಾಪ ಹಾಕುತ್ತಾರೆ. ನಮ್ಮದು ಮೀನಿನ ವ್ಯಾಪಾರದ ಮನೆ. ಅಪ್ಪನ ಅಂಗಿ, ಅಣ್ಣನ ಅಂಗಿ, ಕೊನೆಗೆ ನನ್ನ ಶಾಲೆಯ ಚೀಲಕ್ಕೂ ಇದೇ ವಾಸನೆ ಇತ್ತು. ಹಾಗಾಗಿ ಲಾರಿಯನ್ನು ಹಿಂದಿಕ್ಕುವ ಮನಸ್ಸಾಗದೆ ಅದರ ಬೆನ್ನಿಗೇ ಹೋದೆ. ಆದರೆ ದಾರಿಯುದ್ದಕ್ಕೂ ನೆನಪಾದದ್ದು ಅಪ್ಪನೂ ಅಲ್ಲ, ಅಣ್ಣನೂ ಅಲ್ಲ, ಅತ್ತಿಗೆ.

ಅತ್ತಿಗೆ ಬಜಗೋಳಿಯ ಕಡೆಯವರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಮ್ಮ ಮನೆಮಾತು ತುಳು, ಅವರದೂ ತುಳುವೇ. ಆದರೆ ವಿಷಯ ಗಂಭೀರವಾದ ಕೂಡಲೇ ಅವರು ಕನ್ನಡಕ್ಕೆ ದಾಟುತ್ತಾರೆ, ಅದೂ ಪೂರ್ಣವಿರಾಮ ಸಹಿತ. ಅತ್ತಿಗೆ ಕನ್ನಡ ಶುರುಮಾಡಿದರೆಂದರೆ ಅಣ್ಣ ಗಾಬರಿಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ. ನಾನು, ಇಷ್ಟು ವಯಸ್ಸಾದ ಮೇಲೂ, ಹೋಮ್‌ವರ್ಕ್ ಮಾಡದ ಹುಡುಗನ ಮುಖ ಮಾಡಿಕೊಳ್ಳುತ್ತೇನೆ.

ಅಣ್ಣನ ಎದೆಗೆ ಆಪರೇಷನ್ ಆದಮೇಲೆ ಡಾಕ್ಟರು ಬಂದರಿನ ಕೆಲಸ ಸಾಕು ಎಂದರು. ಬೆಳಗಾಗುವ ಮೊದಲೇ ಬಂದರಿನಲ್ಲಿ ಏಲಂ ಕೂಗುತ್ತಿದ್ದ ಮನುಷ್ಯ ಅಂಬಲಪಾಡಿಯ ಬಾಡಿಗೆ ಮನೆಯಲ್ಲಿ ಗೋಡೆ ನೋಡುತ್ತಾ ಕುಳಿತ. ಮಾತು ನಿಂತಿತು. ಊಟ ಅರ್ಧವಾಯಿತು. ನಾವೆಲ್ಲ ಬಂದು ಧೈರ್ಯ ಹೇಳಿ, ಬೋಂಡ, ಅಂದರೆ ಎಳನೀರು, ಕುಡಿದು ಹೋಗುತ್ತಿದ್ದೆವು. ಧೈರ್ಯ ಅವನಿಗೆ, ಬೋಂಡ ನಮಗೆ.

ಅತ್ತಿಗೆ ಮಾತ್ರ ಮಣಿಪಾಲದಿಂದ ಒಂದು ಗಾಜಿನ ತೊಟ್ಟಿ ತರಿಸಿದರು. ಅದರಲ್ಲಿ ಒಂದೇ ಒಂದು ಮೀನು, ಕಪ್ಪು ಮೈಮೇಲೆ ಕಿತ್ತಳೆ ಬಣ್ಣದ ಮಚ್ಚೆಗಳ ಆಸ್ಕರ್.

"ಇದನ್ನು ಎಂತ ಮಾಡುವುದು? ಒಂದು ಹೊತ್ತಿನ ಪುಳಿಮುಂಚಿ ಸಾರಿಗೂ ಸಾಲದು," ಎಂದು ಅಣ್ಣ ನಕ್ಕ. ಎಷ್ಟೋ ದಿನಗಳ ಮೇಲೆ ನಕ್ಕದ್ದು ಅದು.

ಆಸ್ಕರ್ ಜಾತಿಯ ಮೀನಿಗೆ ಮನುಷ್ಯರ ಗುರುತು ಸಿಗುತ್ತದಂತೆ. ನಾನು ಹೋದರೆ ಅದು ಮೂಲೆಗೆ ತಿರುಗಿ ನಿಲ್ಲುತ್ತಿತ್ತು. ಅಣ್ಣ ಬಂದರೆ ಗಾಜಿಗೆ ಬಂದು ಬಾಯಿ ತೆರೆಯುತ್ತಿತ್ತು. ಈ ಗತ್ತು ನೋಡಿ ಅಣ್ಣ ಅದಕ್ಕೆ 'ಸಾಹುಕಾರರು' ಎಂದು ಹೆಸರಿಟ್ಟ. ಒಂದು ದಿನ ತೊಟ್ಟಿಯ ಮುಂದೆ ಕೂತು ನನಗೆ ಹೇಳಿದ: "ಇಷ್ಟು ವರ್ಷ ಮೀನು ಮಾರಿದೆ ಮಾರಾಯ. ಒಂದು ಮೀನು ನನ್ನನ್ನು ನೋಡಿದ್ದು ಇದೇ ಮೊದಲು." ಬೆಳಗಿನ ಹೊತ್ತು ಅದಕ್ಕೆ ಬಂಗುಡೆ, ಬೂತಾಯಿ ಮೀನುಗಳ ಆ ದಿನದ ದರ ಹೇಳುವುದೂ ಶುರುವಾಯಿತು. ಊಟ ಪೂರ್ತಿಯಾಯಿತು. ಆ ಮೀನಿಗೆ ಏನಾದರೂ ಆದರೆ ಅಣ್ಣನ ಗತಿ ಏನು ಎಂದು ಯೋಚಿಸಲೇ ನನಗೆ ಹೆದರಿಕೆಯಾಗುತ್ತಿತ್ತು.

ಹೀಗಿರುವಾಗ ಕಾಪುವಿನಲ್ಲಿ ಅವರ ಸ್ವಂತ ಮನೆ ಎದ್ದಿತು. ನಮ್ಮಲ್ಲಿ ಗೃಹಪ್ರವೇಶಕ್ಕೆ ಒಕ್ಕಲು ಎನ್ನುತ್ತಾರೆ. ಮನುಷ್ಯರ ಒಕ್ಕಲು ಹೋಮ, ಊಟ, ಫೋಟೋದೊಂದಿಗೆ ಒಂದೇ ದಿನದಲ್ಲಿ ಮುಗಿಯಿತು. ಸಾಹುಕಾರರ ಒಕ್ಕಲಿಗೆ ಅತ್ತಿಗೆಯ ಶಾಸ್ತ್ರವೇ ಬೇರೆ. ಅಲ್ಲಿ ಹೊಸ ದೊಡ್ಡ ತೊಟ್ಟಿಗೆ ಬಾವಿಯ ನೀರು ತುಂಬಿಸಿ, ಗಾಳಿಯ ಪಂಪು ಹಾಕಿ, ದಿನಗಟ್ಟಲೆ ಖಾಲಿ ಬಿಟ್ಟರು. ಹಳೆಯ ಫಿಲ್ಟರಿನ ಸ್ಪಂಜಿನಲ್ಲಿ ಅರ್ಧವನ್ನು ಕತ್ತರಿಸಿ, ತೊಳೆಯದೆ, ಹೊಸದರಲ್ಲಿ ಇಟ್ಟರು. ನಾನು ಮುಖ ಸಿಂಡರಿಸಿದೆ.

"ಅದು ಕೊಳೆ ಅಲ್ಲ. ನೀರನ್ನು ಬದುಕಿಸುವ ಜೀವಾಣುಗಳು ಅದರಲ್ಲಿ ಉಂಟು. ಮೊದಲು ನೀರಿಗೆ ಒಕ್ಕಲು, ಆಮೇಲೆ ಮೀನಿಗೆ," ಎಂದರು. ಕನ್ನಡದಲ್ಲಿ. ನಾನು ಸಿಂಡರಿಸಿದ ಮುಖ ಸರಿಮಾಡಿಕೊಂಡೆ.

ಸಾಗಿಸುವ ದಿನ ಸಾಹುಕಾರರಿಗೆ ಊಟವಿಲ್ಲ. ಹೊಟ್ಟೆ ತುಂಬಿದ್ದರೆ ಪ್ರಯಾಣದಲ್ಲಿ ನೀರು ಕೆಡುತ್ತದೆ. ಅತ್ತಿಗೆ ಹಳೆಯ ತೊಟ್ಟಿಯ ನೀರನ್ನು ಕ್ಯಾನುಗಳಲ್ಲಿ ತುಂಬಿಸಿಕೊಂಡು ಮುಂಚೆಯೇ ಕಾಪುವಿಗೆ ಹೋದರು. ಮುಚ್ಚಳವಿರುವ ದೊಡ್ಡ ಬಕೆಟಿನಲ್ಲಿ ಮೀನನ್ನಿಟ್ಟುಕೊಂಡು ನನ್ನ ಓಮ್ನಿ ವ್ಯಾನಿನಲ್ಲಿ ನಾನೂ ಅಣ್ಣನೂ ಹಿಂದಿನಿಂದ ಹೊರಟೆವು. ಮೇ ತಿಂಗಳ ಸೆಕೆ. ಓಮ್ನಿಗೆ ಏಸಿ ಇಲ್ಲ. ಕಟಪಾಡಿ ಹತ್ತಿರ ಬರುವಾಗ ಅಣ್ಣನಿಗೆ ಚಡಪಡಿಕೆ ಶುರುವಾಯಿತು.

"ಸ್ವಲ್ಪ ನಿಲ್ಲಿಸು. ಈ ಬಿಸಿಲಿಗೆ ಮೀನು ಹಾಳಾಗ್ತದೆ."

ಇಳಿದು ಹೋಗಿ, ಗುರುತಿನ ಮೀನಿನಂಗಡಿಯಿಂದ ಬೊಗಸೆ ತುಂಬ ಐಸ್ ತಂದು ಬಕೆಟಿಗೆ ಸುರಿದ. ನನಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ನಾನೂ ಅದೇ ಮನೆಯವನಲ್ಲವೇ? ಮೀನು ಸಾಗಿಸುವುದೆಂದರೆ ಐಸ್ ಹಾಕುವುದು, ಅಷ್ಟೇ.

ಕಾಪುವಿನಲ್ಲಿ ಮುಚ್ಚಳ ತೆಗೆದಾಗ ಸಾಹುಕಾರರು ಮಗ್ಗುಲಾಗಿ ತೇಲುತ್ತಿದ್ದರು. ಕಿವಿರು ಒಮ್ಮೆ ಅಲುಗಿ, ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ ಅಲುಗುತ್ತಿತ್ತು. ಅಣ್ಣನ ಮುಖದ ಬಣ್ಣ ಹೋಯಿತು. "ಬಿಸಿನೀರು! ಬಿಸಿನೀರು ತಾ!" ಎಂದು ಕೂಗಿದ. ನಾನು ಅಡುಗೆಮನೆಯತ್ತ ತಿರುಗಿದೆ.

"ಯಾರೂ ಏನೂ ಹಾಕಬೇಡಿ." ಅತ್ತಿಗೆಯ ಸ್ವರ ಏರಲಿಲ್ಲ. ಉಳಿದಿದ್ದ ಐಸ್ ಚೂರುಗಳನ್ನು ಬಕೆಟಿನಿಂದ ಹೆಕ್ಕಿ ತೆಗೆದರು. ಗಾಳಿಯ ಕೊಳವೆ ಇಳಿಸಿದರು. ಆಮೇಲೆ ಹಳೆಯ ನೀರಿನ ಕ್ಯಾನು ಎಳೆದು, ಒಂದು ಸ್ಟೀಲ್ ಲೋಟವನ್ನು ಅಣ್ಣನ ಕೈಗೆ ಕೊಟ್ಟರು. "ನೀವೇ ಹಾಕಿ. ಒಂದು ಲೋಟ ಹಾಕಿ, ಸ್ವಲ್ಪ ನಿಲ್ಲಿ. ಒಮ್ಮೆಲೇ ಬಿಸಿಯಾದರೂ ತಡೆಯುವುದಿಲ್ಲ ಅದು."

ಅಣ್ಣ ಬಕೆಟಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ಲೋಟ. ಕಾಯುವುದು. ಇನ್ನೊಂದು ಲೋಟ. ನೋಡಲಾರದೆ ನಾನು ಅತ್ತಿಗೆಯ ಹಿಂದೆ ಅಡುಗೆಮನೆಗೆ ಹೋದೆ.

"ನೀವು ಅವನಿಗೆ ಎರಡು ಮಾತು ಬೈಯಬಹುದಿತ್ತು ಅತ್ತಿಗೆ."

"ಎಂತಕ್ಕೆ?" ಎಂದರು. "ಜೀವಮಾನದಲ್ಲಿ ಒಂದು ಮೀನನ್ನೂ ಹಾಳಾಗಲು ಬಿಟ್ಟವರಲ್ಲ ಅವರು. ಇದಕ್ಕೂ ಅದೇ ಕಾಳಜಿ ಮಾಡಿದ್ದು, ಅಲ್ವಾ? ಅದಕ್ಕೆ ಬೈಯುವುದು ಹೇಗೆ ಮಾರಾಯ?"

ಇಂಥ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ನಾನಾಗಿದ್ದರೆ ಮೊದಲು ಕೂಗಾಡಿ, ಮೀನು ಸತ್ತಮೇಲೆ ಸಮಾಧಾನ ಹೇಳುತ್ತಿದ್ದೆ. ಅಂದು ಅಡುಗೆಮನೆಯಲ್ಲಿ ನಿಂತು, ನಮ್ಮ ಮನೆಗೆ ಎಂಥವರು ಸೊಸೆಯಾಗಿ ಬಂದಿದ್ದಾರೆ ಎಂದು ಮೊದಲ ಸಲ ಸರಿಯಾಗಿ ಅನ್ನಿಸಿತು.

ಮಧ್ಯಾಹ್ನದ ಹೊತ್ತಿಗೆ ಸಾಹುಕಾರರು ಮೈ ನೆಟ್ಟಗೆ ಮಾಡಿಕೊಂಡರು. ಸಂಜೆ, ಹೊಸ ತೊಟ್ಟಿಯ ನೀರನ್ನೂ ಲೋಟ ಲೋಟವಾಗಿ ಬಕೆಟಿಗೆ ಸೇರಿಸಿದ ಮೇಲೆ, ತೊಟ್ಟಿಗಿಳಿದರು. ಅಣ್ಣ ಅಂದು ರಾತ್ರಿ ತೊಟ್ಟಿಯ ಮುಂದೆಯೇ ಚಾಪೆ ಹಾಸಿದ. ಅತ್ತಿಗೆ ದಿಂಬು ತಂದಿಟ್ಟರು.

ಮೊನ್ನೆ ನಾನು ಹೊರಟದ್ದೂ ಇಂಥದ್ದೇ ಕೆಲಸಕ್ಕೆ. ಸಾಹುಕಾರರು ಬೆಳೆದು ತೊಟ್ಟಿ ಸಾಲದಾಗಿತ್ತು. ಇನ್ನೂ ದೊಡ್ಡದು ಬಂದಿತ್ತು. ನಾನು ಹೋದಾಗ ಅಣ್ಣ ಒಳಗೆ ಒಬ್ಬನೇ, ಲೋಟ ಹಿಡಿದು, ಸಾಹುಕಾರರ ಬಕೆಟಿನ ಮುಂದೆ ಕೂತಿದ್ದ. ಅತ್ತಿಗೆ ಜಗಲಿಯಲ್ಲಿ ಅಲಸಂಡೆ ಮುರಿಯುತ್ತಿದ್ದರು.

"ನೀವು ಒಳಗೆ ಹೋಗುವುದಿಲ್ವಾ?" ಎಂದೆ ಮೆಲ್ಲಗೆ. "ಮತ್ತೆ ಎಂತಾದರೂ ಹಾಕಿಬಿಟ್ಟರೆ?"

"ಅವರು ಇದ್ದಾರಲ್ಲ," ಎಂದರು.

ಆಗ ಅವರ ಮಡಿಲು ನೋಡಿದೆ. ಅಲಸಂಡೆ ಪೂರಾ ಮುಗಿದಿತ್ತು. ಮುರಿದ ತುಂಡುಗಳನ್ನೇ ಎತ್ತಿಕೊಂಡು ಇನ್ನೂ ಸಣ್ಣದಾಗಿ ಮುರಿಯುತ್ತಿದ್ದರು. ಎದ್ದು ಒಳಗೆ ಹೋಗುವುದು ಅವರಿಗೆ ಎಷ್ಟು ಸುಲಭವಿತ್ತು! ಹೋಗಲಿಲ್ಲ. ನಾನೂ ಅವರ ಪಕ್ಕದಲ್ಲಿ ಕೂತೆ. ಒಳಗಿನಿಂದ "ಇಳಿದರು!" ಎಂದು ಅಣ್ಣ ಕೂಗುವವರೆಗೂ ನಾವಿಬ್ಬರೂ ಕದಲಲಿಲ್ಲ.