ಒಳಲೆ ಕೇಳುತ್ತಿದ್ದ ಡಾಕ್ಟರಮ್ಮ

ಮನುಷ್ಯ ಮಾಡುವ ದೊಡ್ಡ ಕೆಲಸಗಳ ಹಿಂದೆ ಅಂತರಾತ್ಮದ ಕರೆಯೊಂದು ಇದ್ದೇ ಇರುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಾನು ಚೀನಾಕ್ಕೆ ಹೋದದ್ದು ಡಾಕ್ಟರಮ್ಮನ ಸೂಟ್‌ಕೇಸ್ ಹೊರುವುದಕ್ಕೆ.

ಡಾಕ್ಟರಮ್ಮನ ಎಡಗೈ ಹೆಬ್ಬೆರಳು ಬಿಲ್ಲಿನಂತೆ ಹಿಂದಕ್ಕೆ ಬಾಗಿತ್ತು. ಅಮೆರಿಕದ ಡರ್ಹಮ್‌ನ ಆಸ್ಪತ್ರೆಯೊಂದರಲ್ಲಿ ಅವರು ಅರಿವಳಿಕೆ ಡಾಕ್ಟರು. ಜನರ ಗದ್ದ ಎತ್ತಿ ಹಿಡಿದು ಮೂಗಿನ ಮೇಲೆ ಮಾಸ್ಕ್ ಒತ್ತಿ ಒತ್ತಿ ಬೆರಳು ಹಾಗಾಗಿತ್ತಂತೆ. ಊರಿನ ಅರ್ಧ ಜನರನ್ನು ಅವರೇ ಮಲಗಿಸಿದ್ದರು. ಹೆಸರು ನೆನಪಿರುತ್ತಿರಲಿಲ್ಲ, ಗದ್ದ ನೆನಪಿರುತ್ತಿತ್ತು. ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ ನನ್ನನ್ನು ಮೊದಲ ಸಲ ಕಂಡಾಗ ನಮಸ್ಕಾರಕ್ಕೆ ಮುಂಚೆ ಕತ್ತು ನೋಡಿದರು.

"ಕತ್ತು ಗಿಡ್ಡ, ಗದ್ದ ಒಳಗೆ. ನಿಮ್ಮದು ಕಷ್ಟದ ಗಂಟಲು, ಉಸಿರಿನ ಟ್ಯೂಬ್ ಸುಲಭಕ್ಕೆ ಇಳಿಯಲ್ಲ. ಆಪರೇಷನ್ ಅಂತೇನಾದ್ರೂ ಬಂದ್ರೆ ಅಲ್ಲಿ ಮಲಗಿಸೋ ಡಾಕ್ಟರಿಗೆ ಮೊದಲೇ ಹೇಳ್ಬಿಡಿ."

ಅಂದಿನಿಂದ ನಾನು ಮಫ್ಲರ್ ಸುತ್ತಿಕೊಳ್ಳದೆ ಸಂಘಕ್ಕೆ ಹೋದದ್ದಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಇದ್ದವರ ಮಕ್ಕಳನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ಯಾರಾದರೂ ಸಂಭ್ರಮದಿಂದ ಕೂಸನ್ನು ಮಡಿಲಿಗೆ ಹಾಕಿದರೆ, ಪಕ್ಕದ ಮನೆಯ ಪಾತ್ರೆ ಹಿಂದಿರುಗಿಸುವವರಂತೆ ಎರಡೂ ಕೈಯಲ್ಲಿ ವಾಪಸು ಕೊಡುತ್ತಿದ್ದರು. ಇಂಥವರು ನಿವೃತ್ತರಾದ ಮೇಲೆ ವರ್ಷಕ್ಕೊಮ್ಮೆ ಚೀನಾಕ್ಕೆ ಹೋಗಿ, ಕಾಯಿಲೆಯ ಅನಾಥ ಶಿಶುಗಳನ್ನು ಸಾಕುವ ಮನೆಯೊಂದರಲ್ಲಿ ಹಾಲು ಕುಡಿಸಿಕೊಂಡು ಇರತೊಡಗಿದ್ದು ನಮ್ಮ ಸಂಘಕ್ಕೆ ಬಿಡಿಸಲಾಗದ ಸಮಸ್ಯೆಯಾಯಿತು. ಹಿಂದಿನ ಜನ್ಮದ ಋಣ ಎಂದು ಹಿರಿಯರು, ಮತಾಂತರವಿರಬಹುದು ಎಂದು ಖಜಾಂಚಿ, ಇವರ ಕೈಯಲ್ಲಿ ಯಾವುದೋ ಮಗು ಆಪರೇಷನ್ ಟೇಬಲ್ ಮೇಲೇ ಹೋಗಿರಬೇಕು ಎಂದು ನನ್ನ ಹೆಂಡತಿ. ಅವರನ್ನೇ ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ನನ್ನ ಹೆಂಡತಿಗೆ, "ಇಲ್ಲಿ ಹ್ಯುಮಿಡಿಟಿ ಜಾಸ್ತಿ ಕಣ್ರೀ" ಎಂದರು.

ತೊಂಬತ್ತರ ದಶಕದ ನಡುವಿನ ಒಂದು ವರ್ಷ ಅವರು ಮನೆಮನೆಗೆ ಫೋನ್ ಮಾಡಿ ಒಳಲೆ ಕೇಳತೊಡಗಿದರು. ಬಾಣಂತನಕ್ಕೆ ಬಂದ ಅಜ್ಜಿಯರು ತಂದ ಬೆಳ್ಳಿ ಒಳಲೆ ಎಲ್ಲರ ಮನೆಯಲ್ಲೂ ಇತ್ತು. ಕೂಸಿನ ಬಾಯಿಗೆ ಹಾಲು, ಹರಳೆಣ್ಣೆ ಹೊಯ್ಯುವ ಆ ಮೂತಿಯುಳ್ಳ ಪುಟ್ಟ ಪಾತ್ರೆ ಈಗ ಕಪ್ಪಾಗಿ ಯಾವುದೋ ಡ್ರಾಯರಿನ ತಳದಲ್ಲಿರುತ್ತಿತ್ತು. ನಮ್ಮದರಲ್ಲಿ ರಬ್ಬರ್ ಬ್ಯಾಂಡುಗಳಿದ್ದವು. ಅದರಲ್ಲೇ ಕುಡಿದು ಬೆಳೆದ ಮಗಳು, "ಓ, ದ ಗ್ರೇವಿ ಥಿಂಗ್. ಆಂಟಿಗೆ ಯಾಕೆ ಬೇಕು ಅದು?" ಎಂದಳು.

ಡಾಕ್ಟರಮ್ಮ ಫೋನಿನಲ್ಲೇ ವಿವರಿಸಿದರು. "ತುಟಿ, ಅಂಗುಳ ಸೀಳಿಕೊಂಡು ಹುಟ್ಟಿದ ಮಕ್ಕಳಿಗೆ ಬಾಟ್ಲಿ ಚೀಪೋಕಾಗಲ್ಲ. ಒಳಲೆ ಆದ್ರೆ ನುಂಗಿದ್ರೆ ಸಾಕು. ಅಂದ ಹಾಗೆ, ನಿಮಗೆ ವೆಕೇಷನ್ ಎಷ್ಟಿದೆ? ಬೆನ್ನು ಗಟ್ಟಿ ಇದೆಯಾ?"

ನಾನು ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧ ಕಂಪನಿಯೊಂದರಲ್ಲಿ ಮಾತ್ರೆಗಳು ನೀರಿನಲ್ಲಿ ಕರಗುವುದನ್ನು ನೋಡುತ್ತ ಕೂರುವ ಕೆಲಸದವನು. ಲೋಕ ನನ್ನಿಂದ ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ಹೊರಟೆ.

ಆ ಮನೆಯೆಂದರೆ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿ. ಸಾಲು ತೊಟ್ಟಿಲು, ಒಣಹಾಕಿದ ಬಟ್ಟೆ, ಕಲ್ಲಿದ್ದಲ ಹೊಗೆಯ ವಾಸನೆ. ಹೃದಯದಲ್ಲಿ ತೂತಿದ್ದವು, ಬೆನ್ನಿನ ಮೇಲೆ ಗಂಟಿದ್ದವು, ತುಟಿ ಸೀಳಿದವು. ಡಾಕ್ಟರಮ್ಮ ಯಾವ ಮಗುವನ್ನೂ ಹೆಸರಿಟ್ಟು ಕರೆಯುತ್ತಿರಲಿಲ್ಲ. ಬಾಗಿಲ ಪಕ್ಕದ್ದು, ಕಂಬದ ಹತ್ತಿರದ್ದು, ಅಷ್ಟೆ. ನನ್ನ ಪಾಲಿಗೆ ಬಂದದ್ದು ಕಿಟಕಿ ಪಕ್ಕದ್ದು: ಮೇಲ್ದುಟಿ ಮೂಗಿನವರೆಗೆ ಸೀಳಿದ್ದ, ಅಂಗುಳವೂ ಕೂಡದ ಹೆಣ್ಣುಮಗು. ಸದ್ಯದಲ್ಲೇ ತುಟಿ ಹೊಲಿಯುವ ಸರ್ಜನ್ನರು ಅಮೆರಿಕದಿಂದ ಬರುವವರಿದ್ದರು. ಮಕ್ಕಳಿಗೆ ನಿದ್ದೆ ಕೊಡುವವರು ಡಾಕ್ಟರಮ್ಮನೇ. ಹತ್ತು ಪೌಂಡ್ ತೂಗದ ಮಗುವಿಗೆ ಕೊಡುವುದಿಲ್ಲ ಎಂಬುದು ಅವರ ನಿಯಮ. ಕಿಟಕಿ ಪಕ್ಕದ್ದು ಇನ್ನೂ ಅಷ್ಟು ತೂಗುತ್ತಿರಲಿಲ್ಲ.

ನಾನು ಮಗಳಿಗೆ ಹಾಲು ಹೊಯ್ಯುತ್ತಿದ್ದ ಅತ್ತೆಯವರನ್ನು ನೆನೆದು, ನೆಲದ ಮೇಲೆ ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಶಾಸ್ತ್ರೋಕ್ತವಾಗಿ ಒಳಲೆ ಬಗ್ಗಿಸಿದೆ. ಹಾಲು ಮೂಗಿನಿಂದ ಬಂತು. ಮಗು ನೀಲಿಗಟ್ಟಿತು. ಡಾಕ್ಟರಮ್ಮ ಬಂದು ಎತ್ತಿ, ಬೋರಲು ಮಾಡಿ ಬೆನ್ನು ತಟ್ಟಿದರು. ಅದು ಅಳುವ ತನಕ ತಟ್ಟುತ್ತಲೇ ಇದ್ದರು.

"ಮಲಗಿಸಿ ಕುಡಿಸೋದು ನಿಮ್ಮತ್ತೆ ಮನೇಲಿ. ಇದಕ್ಕೆ ಬಾಯಿಗೂ ಮೂಗಿಗೂ ಮಧ್ಯೆ ಗೋಡೆ ಇಲ್ಲ ಕಣ್ರೀ. ಕೂರಿಸ್ಕೊಳಿ. ನುಂಗಿದ ಮೇಲೆ ಇನ್ನೊಂದು ಹನಿ."

ಮಗುವನ್ನು ಬೇರೆ ಯಾರಿಗಾದರೂ ಕೊಡುತ್ತಾರೆಂದುಕೊಂಡಿದ್ದೆ. ಮತ್ತೆ ನನ್ನ ಕೈಗೇ ಕೊಟ್ಟರು. ಯಾಕೆಂದು ನನಗೆ ಇವತ್ತಿಗೂ ತಿಳಿಯದು.

ಒಂದು ಸಂಜೆ ಕೇಳಿಯೇಬಿಟ್ಟೆ, ಮಕ್ಕಳೆಂದರೆ ನಿಮಗೆ ಇಷ್ಟವೇ ಎಂದು.

"ಇಷ್ಟ ಯಾಕ್ರೀ ಬೇಕು? ಹಸಿವಾಗಿರೋದು ಅದಕ್ಕೆ," ಎಂದು ಒಳಲೆ ತೊಳೆಯಲು ಎದ್ದು ಹೋದರು.

ಸರ್ಜನ್ನರು ಬಂದರು. ತೂಗುವ ದಿನ ನಾನು ಮಗುವಿಗೆ ದಪ್ಪ ಸ್ವೆಟರ್ ತೊಡಿಸಿದ್ದೆ. ಚಳಿ ಇತ್ತು, ಅದೂ ನಿಜವೇ. ಡಾಕ್ಟರಮ್ಮ ಡರ್ಹಮ್‌ನಿಂದ ತಂದಿದ್ದ ತಕ್ಕಡಿಯ ಮುಳ್ಳು ಹತ್ತನ್ನು ಮುಟ್ಟಿತು. ಆಯಾಗಳು ಚಪ್ಪಾಳೆ ತಟ್ಟಿದರು.

"ಸ್ವೆಟರ್ ತೆಗೀರಿ."

"ಚಳಿ, ಡಾಕ್ಟರಮ್ಮ."

"ಸ್ವೆಟರಿಗೆ ಆಪರೇಷನ್ ಇಲ್ಲ. ತೆಗೀರಿ."

ಮುಳ್ಳು ಹಿಂದಕ್ಕೆ ಸರಿಯಿತು. ಬಹಳವಲ್ಲ. ಸರ್ಜನ್ "ಕ್ಲೋಸ್ ಎನಫ್" ಎಂದ. ಡಾಕ್ಟರಮ್ಮ ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಹೆಬ್ಬೆರಳಿನಿಂದ ಗದ್ದ ಎತ್ತಿ ನೋಡಿದರು, ಆಗುವುದಿಲ್ಲವೆಂದು ತಲೆಯಾಡಿಸಿದರು. ಬಾಗಿಲ ಪಕ್ಕದ್ದಕ್ಕೆ, ಕಂಬದ ಹತ್ತಿರದ್ದಕ್ಕೆ ಹೊಲಿಗೆ ಬಿತ್ತು. ನನ್ನದು ಉಳಿಯಿತು.

"ಮುಂದಿನ ತಂಡ ಬರೋದು ಚಳಿಗಾಲ ಕಳೆದ ಮೇಲೆ. ಅಲ್ಲೀವರೆಗೆ ಇದು ಉಳಿಯುತ್ತಾ?" ಎಂದು ಕೇಳಿದೆ. ನನ್ನ ದನಿ ಏರಿತ್ತು.

"ಗೊತ್ತಿಲ್ಲ."

"ಮತ್ತೆ?"

"ಮಲಗಿಸೋದು ಯಾರು ಬೇಕಾದ್ರೂ ಮಾಡ್ತಾರೆ. ಎಬ್ಬಿಸೋ ಕೆಲಸಾನೂ ನಂದೇ ಅಲ್ವಾ?"

ದಿನವಿಡೀ ತಾವೇ ಹನಿ ಹನಿ ಕುಡಿಸಲು ಕಲಿಸಿ, ಕಡೆಗೆ ತಾವೇ ಬಾಗಿಲು ಹಾಕಿದವರನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಾಗಲಿಲ್ಲ. ಹೊರಡುವ ಬೆಳಗ್ಗೆ ಅವರು ಕೋಟು ತೊಟ್ಟಿರಲಿಲ್ಲ. ಕಿಟಕಿಯ ಬಳಿ ಆ ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ನನ್ನತ್ತ ನೋಡದೆ ಹೇಳಿದರು: "ಟಿಕೆಟ್ ಚೇಂಜ್ ಮಾಡಿಸ್ದೆ. ಖಾಲಿ ಸೂಟ್‌ಕೇಸು ನೀವೇ ತಗೊಂಡ್ ಹೋಗಿ. ಗ್ಯಾರೇಜಲ್ಲಿಡಿ."

ಡರ್ಹಮ್‌ನಲ್ಲಿ ಸಂಘದವರು ನನ್ನನ್ನು ಸುತ್ತಿಕೊಂಡು ಕಾರಣ ಕೇಳಿದರು. ಹೋಗಿ ಬಂದವನಿಗೆ ಹೋಗದವರಿಗಿಂತ ಕಡಿಮೆ ತಿಳಿದಿತ್ತು.

ಬೇಸಗೆಗೆ ಮುಂಚೆ ಅವರು ವಾಪಸು ಬಂದರು. ಏರ್‌ಪೋರ್ಟಿನಿಂದ ಕರೆತಂದವನು ನಾನೇ. ಮುಂದಿನ ದೀಪಾವಳಿಗೆ ಯಾರೋ ಅವರ ಮಡಿಲಿಗೆ ಕೂಸು ಹಾಕಿದರು. ನಾನು ಮಫ್ಲರ್ ಸರಿಮಾಡಿಕೊಳ್ಳುತ್ತ ಕಣ್ಣಿಟ್ಟು ನೋಡಿದೆ. ಎರಡೂ ಕೈಯಲ್ಲಿ ವಾಪಸು ಕೊಟ್ಟರು.

ಡಾಕ್ಟರಮ್ಮ ಈಗಿಲ್ಲ. ಅವರು ಹೋದ ಮೇಲೆ ನನಗೂ ಒಂದು ಆಪರೇಷನ್ ಬಂತು. ಕಷ್ಟದ ಗಂಟಲು ಎಂದು ಮೊದಲೇ ಹೇಳಿದೆ. ಹುಡುಗ ಡಾಕ್ಟರ್ ಬಾಯಿ ತೆರೆಸಿ ನೋಡಿ, ಹೇಳಿದ್ದು ಒಳ್ಳೆಯದಾಯಿತು ಎಂದು ಬೇರೆ ಟ್ಯೂಬ್ ತರಿಸಿದ. ಎದ್ದೆ.

ಆ ವರ್ಷ ಅವರನ್ನು ಏರ್‌ಪೋರ್ಟಿನಿಂದ ಕರೆತರುವಾಗ ಕಾರಿನಲ್ಲಿ ಮಗುವಿನ ವಿಷಯ ಕೇಳುವ ಧೈರ್ಯ ನನಗಾಗಿರಲಿಲ್ಲ. ಮನೆಯ ತಿರುವಿನಲ್ಲಿ ಅವರೇ ಹೇಳಿದರು. ಕಿಟಕಿ ಪಕ್ಕದ್ದು ಹತ್ತು ಪೌಂಡ್ ದಾಟಿತ್ತು, ಸ್ವೆಟರ್ ಇಲ್ಲದೆ. ತುಟಿ ಹೊಲಿದರು. ಮಗು ಎದ್ದಿತು.